ಗೀತದೊಡನೆ ಅರ್ಥವೂ ಗಡಿ ದಾಟಲಿ

ಸಂಗೀತಕ್ಕೆ ಭಾಷೆಯ ಹಂಗಿಲ್ಲ, ದೇಶದ ಎಲ್ಲೆಯಿಲ್ಲ ಎಂಬ ಮಾತು ಸಭೆ-ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಈ ಮಾತನ್ನು ಆಡದ ಅತಿಥಿಗಳು ವಿರಳ. ವೀಣೆಯ ನಾದಕ್ಕೂ ಕೊಳಲಿನ ಉಲಿಗೂ ಇದು ಒಪ್ಪಬಹುದು. ಆದರೆ ಶಾಲೆಯ ಮಕ್ಕಳು ಮೊಟ್ಟಮೊದಲು ಕಲಿಯುವುದು ವಾದ್ಯವನ್ನಲ್ಲ, ಹಾಡನ್ನು. ಹಾಡು ಬರಿಯ ನಾದವಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ನಿರೂಪಿಸುವಾಗ ಗೀತದ ಎರಡು ಅಂಗಗಳನ್ನು ‘ಮಾತು’ ಮತ್ತು ‘ಧಾತು’ ಎಂದು ಹೆಸರಿಸಿದ್ದಾನೆ. ಸಾಹಿತ್ಯವು ಮಾತು, ಅದನ್ನು ಹೊತ್ತು ನಡೆಯುವ ಸ್ವರರಚನೆಯು ಧಾತು. ಶಾಸ್ತ್ರದ ಈ ಪಾರಿಭಾಷಿಕ ಪದವು ಕನ್ನಡಿಗರ ಕಿವಿಗೆ ಮನೆಯ ಪದದಂತೆಯೇ ಕೇಳಿಸುತ್ತದೆ. ಎರಡೂ ಅಂಗಗಳನ್ನು ಬಲ್ಲವನೇ ವಾಗ್ಗೇಯಕಾರನೆಂದ ಮೇಲೆ, ಅವನ ಕೃತಿಯನ್ನು ಹಾಡುವವನೂ ಎರಡನ್ನೂ ಬಲ್ಲವನಾಗಿರಬೇಕೆಂಬುದು ನ್ಯಾಯವಾದ ನಿರೀಕ್ಷೆ.

ಇಂದು ದೇಶದೇಶಗಳ ವಿದ್ಯಾರ್ಥಿಗಳನ್ನು ಸಂಗೀತದ ಮೂಲಕ, ಭಾಷೆಯ ಕಲಿಕೆಯ ಮೂಲಕ ಒಬ್ಬರಿಗೊಬ್ಬರು ಹತ್ತಿರ ತರುವ ವಿಚಾರ ಶಾಲೆಗಳಲ್ಲಿ ಉತ್ಸಾಹದಿಂದ ಚರ್ಚೆಯಾಗುತ್ತಿದೆ. 2020ರ ಮಹಾಮಾರಿಯ ಕಾಲದಲ್ಲಿ ಗುರುವಿನ ಮನೆಗೆ ಹೋಗಲಾಗದ ಸಂಗೀತ ವಿದ್ಯಾರ್ಥಿಗಳು ಮೊಬೈಲಿನ ಪರದೆಯ ಮುಂದೆ ಕುಳಿತು ಪಾಠ ಹೇಳಿಸಿಕೊಂಡರು; ಆ ಅಭ್ಯಾಸ ಅನಂತರವೂ ಉಳಿದುಕೊಂಡಿತು. ಗದುಗಿನ ಮಗುವೂ ಟೊರಾಂಟೊದ ಮಗುವೂ ಒಂದೇ ಹೊತ್ತಿನಲ್ಲಿ ಒಂದೇ ಹಾಡನ್ನು ಕೇಳುವುದು ಈಗ ಆಶ್ಚರ್ಯದ ಸಂಗತಿಯಲ್ಲ. ದಾರಿ ಸುಗಮವಾಗಿದೆ, ಆ ದಾರಿಯಲ್ಲಿ ಸಾಗಿಸತಕ್ಕ ಸರಕು ಯಾವುದೆಂಬುದು ಈಗಿನ ಪ್ರಶ್ನೆ. ಧಾತು ಮಾತ್ರ ಗಡಿಯನ್ನು ದಾಟಿ ಮಾತು ಹಿಂದೆ ಉಳಿಯುವುದಾದರೆ ಅಂತಹ ವಿನಿಮಯವು ಒಂದು ದಿನದ ಪ್ರದರ್ಶನವಾದೀತೇ ಹೊರತು ಬಾಂಧವ್ಯವಾಗಲಾರದು. ಹಾಡಿನೊಡನೆ ಅದರ ಅರ್ಥವನ್ನೂ ಕಲಿಸುವ ಹೊಣೆಯನ್ನು ಹೊರದ ಯಾವ ಶಾಲೆಯೂ ಇಂತಹ ಕಾರ್ಯಕ್ಕೆ ಕೈಹಾಕದಿರುವುದೇ ಲೇಸು.

ಈ ಮಾತಿಗೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ದೇಶದೇಶಗಳ ಮಕ್ಕಳನ್ನು ಬೆಸೆದಿರುವ ಒಂದು ಎಳೆ ಕನ್ನಡ ನಾಡಿನಿಂದಲೇ ಹೊರಟಿದೆ. ಕರ್ನಾಟಕ ಸಂಗೀತವನ್ನು ಕಲಿಯಲು ಕುಳಿತ ಮಗು ಚೆನ್ನೈಯಲ್ಲಿರಲಿ, ಯಾಳ್ಪಾಣದಲ್ಲಿರಲಿ, ಸಿಂಗಪುರ, ಲಂಡನ್ ಅಥವಾ ಟೊರಾಂಟೊದಲ್ಲಿರಲಿ, ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಸಾಧಿಸಿ, ಅನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುತ್ತದೆ. ಈ ಪಾಠಕ್ರಮವನ್ನು ಸಂಪ್ರದಾಯವು ಹದಿನಾರನೆಯ ಶತಮಾನದ ಪುರಂದರದಾಸರಿಗೆ ಸಲ್ಲಿಸುತ್ತದೆ. ಅಂದರೆ ಸ್ವರಗಳ ಬೆನ್ನಿಗೇ ಮಗುವಿನ ನಾಲಗೆಯ ಮೇಲೆ ಬರುವ ಸಾಹಿತ್ಯದಲ್ಲಿ ಕನ್ನಡದ ಪದಗಳಿವೆ. ತಮಿಳು ಮಾತನಾಡುವ ಮನೆಯ ಮಗು, ಇಂಗ್ಲಿಷಿನಲ್ಲೇ ಆಡಿ ಬೆಳೆದ ಮಗು, ತನಗೆ ಅರಿವಿಲ್ಲದೆಯೇ ಕನ್ನಡವನ್ನು ಉಚ್ಚರಿಸುತ್ತಿದೆ. ಇಷ್ಟು ದೊಡ್ಡ ಸಂಖ್ಯೆಯ ಅನ್ಯಭಾಷೆಯ ಮಕ್ಕಳನ್ನು ಕನ್ನಡದ ಹೊಸ್ತಿಲಿಗೆ ಕರೆತಂದ ಕಾರ್ಯ ಮತ್ತೊಂದಿರಲಾರದು. ಆದರೆ ಆ ಮಕ್ಕಳು ಹೊಸ್ತಿಲಲ್ಲಿಯೇ ನಿಂತಿದ್ದಾರೆ. ಒಳಗೆ ಬನ್ನಿ ಎಂದು ಕರೆಯುವವರಿಲ್ಲ.

ಕರೆಯುವುದು ಕಷ್ಟವೂ ಅಲ್ಲ. ಗಣಪತಿಯನ್ನು ಸ್ತುತಿಸುವ ಮೊದಲ ಗೀತೆಯ ಸಾಹಿತ್ಯದಲ್ಲಿ ಸಂಸ್ಕೃತ ಪದಗಳೇ ಹೆಚ್ಚಾಗಿದ್ದರೂ ಅಲ್ಲಿ ‘ಲಕುಮಿ’ ಎಂಬ ರೂಪ ಬರುತ್ತದೆ. ಇನ್ನೊಂದು ಗೀತೆಯಲ್ಲಿ ‘ಪದುಮ’ ಎಂಬ ರೂಪವಿದೆ. ಲಕ್ಷ್ಮಿಯು ಲಕುಮಿಯಾದುದು, ಪದ್ಮವು ಪದುಮವಾದುದು ಹೇಗೆಂದು ವಿವರಿಸಲು ಉಪಾಧ್ಯಾಯರಿಗೆ ಐದು ನಿಮಿಷ ಸಾಕು. ಒತ್ತಕ್ಷರವನ್ನು ಬಿಡಿಸಿ ನಡುವೆ ಸ್ವರವೊಂದನ್ನು ಸೇರಿಸಿ ಪರಭಾಷೆಯ ಪದವನ್ನು ತನ್ನದಾಗಿಸಿಕೊಳ್ಳುವ ಕನ್ನಡದ ಈ ಜಾಯಮಾನವನ್ನು ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾನೆ. ತಮಿಳು ಮಗುವಿಗೆ ಇದು ಕೂಡಲೇ ತಿಳಿಯುತ್ತದೆ. ಏಕೆಂದರೆ ಅದರ ಭಾಷೆಯೂ ಸಂಸ್ಕೃತದ ಲಕ್ಷ್ಮಣನನ್ನು ‘ಇಲಕ್ಕುವನ್’ ಎಂದು ತನ್ನ ಅಚ್ಚಿಗೆ ಎರಕ ಹೊಯ್ದುಕೊಂಡಿದೆ. ಹೀಗೆ ಹಾಡಿನ ಒಂದು ಪದವು ಎರಡು ಭಾಷೆಗಳ ಸ್ವಭಾವವನ್ನು ಅಕ್ಕಪಕ್ಕದಲ್ಲಿ ಇರಿಸಿ ತೋರಿಸುತ್ತದೆ.

ಮಲಹರಿಯ ಗೀತೆಗಳಲ್ಲಿ ಕೆರೆಯನ್ನು ದೃಷ್ಟಾಂತವಾಗಿ ಉಳ್ಳ ಗೀತೆಯೊಂದಿದೆ. ಪಡೆದುದನ್ನೇ ಮರಳಿ ಅರ್ಪಿಸುವುದು ಅದರ ಭಾವ. ಕೆರೆಯನ್ನು ಕಾಣದ ಮಗುವಿಗೆ ಈ ಭಾವ ಹೇಗೆ ದಕ್ಕೀತು? ಇಂಗ್ಲಿಷಿನ ಯಾವುದೋ ಒಂದು ಪದವನ್ನು ಕೊಟ್ಟು ಕೈತೊಳೆದುಕೊಂಡರೆ ಮಗುವಿನ ಮನಸ್ಸಿನಲ್ಲಿ ಬೆಟ್ಟದ ನಡುವಿನ ನಿಸರ್ಗದ ಸರೋವರವೋ ಮನೆಯ ಮೇಲಿನ ನೀರಿನ ತೊಟ್ಟಿಯೋ ಮೂಡುತ್ತದೆ. ಕೆರೆಯೆಂದರೆ ಜನರು ಕೂಡಿ ಕಟ್ಟಿದುದು. ಅದಕ್ಕೆ ಮಣ್ಣಿನ ಏರಿಯಿದೆ, ಗದ್ದೆಗೆ ನೀರು ಬಿಡುವ ತೂಬಿದೆ, ಹೆಚ್ಚಿದ ನೀರು ಹರಿದುಹೋಗಲು ಕೋಡಿಯಿದೆ ಎಂದು ಚಿತ್ರ ಬರೆದು ತೋರಿಸಬೇಕು. ಆಗ ಯಾಳ್ಪಾಣದ ಮಗು ತನ್ನ ನಾಡಿನ ‘ಕುಳಂ’ಗಳನ್ನು ನೆನೆಯುತ್ತದೆ, ಅದೇ ಕನ್ನಡದ ‘ಕೊಳ’ವೆಂದು ತಿಳಿದು ಹಿಗ್ಗುತ್ತದೆ. ಕನ್ನಡದಲ್ಲಿ ಕೆರೆಯ ಕಟ್ಟೆಗೆ ‘ಏರಿ’ಯೆಂದರೆ, ತಮಿಳಿನಲ್ಲಿ ಕೆರೆಗೇ ‘ಏರಿ’ಯೆನ್ನುತ್ತಾರೆ. ಕನ್ನಡದ ‘ಕೆರೆ’ಗೆ ತೆಲುಗಿನ ‘ಚೆರುವು’ ಒಡಹುಟ್ಟು; ಕನ್ನಡದ ‘ಕಿವಿ’ ತಮಿಳು ತೆಲುಗುಗಳಲ್ಲಿ ‘ಚೆವಿ’ಯಾದಂತೆಯೇ ಇಲ್ಲಿಯೂ ಕಕಾರವು ಚಕಾರವಾಗಿದೆ. ಮೂರು ನಾಡುಗಳ ಮಕ್ಕಳು ಒಂದೇ ಗೀತೆಯನ್ನು ಮುಂದಿಟ್ಟುಕೊಂಡು ತಮ್ಮ ತಮ್ಮ ಮನೆಯ ಪದಗಳನ್ನು ತಂದು ಸೇರಿಸಿದರೆ, ತಾವು ಬೇರೆಬೇರೆ ಅಂಗಳಗಳಲ್ಲಿ ಆಡುವ ಒಂದೇ ಮನೆತನದವರೆಂಬುದನ್ನು ಉಪದೇಶವಿಲ್ಲದೆ ಅರಿಯುತ್ತಾರೆ.

ಪರದೇಶದ ಮಕ್ಕಳು ಅರ್ಥವರಿಯದೆ ಕನ್ನಡವನ್ನು ಹಾಡುತ್ತಾರೆಂದು ಕನ್ನಡಿಗರು ನಗುವಂತಿಲ್ಲ. ಕನ್ನಡ ನಾಡಿನ ಸಂಗೀತ ವಿದ್ಯಾರ್ಥಿಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿಲ್ಲ. ತ್ಯಾಗರಾಜರು (1767–1847) ತಮಿಳು ನೆಲದ ತಿರುವಯ್ಯಾರಿನಲ್ಲಿದ್ದು ತೆಲುಗಿನಲ್ಲಿ ಕೀರ್ತನೆಗಳನ್ನು ರಚಿಸಿದರು. ಅವನ್ನು ಹಾಡುವ ಕನ್ನಡದ ಹುಡುಗ-ಹುಡುಗಿಯರಲ್ಲಿ ತೆಲುಗನ್ನು ಬಲ್ಲವರೆಷ್ಟು? ಎರಡೂ ಲಿಪಿಗಳು ಸಮೀಪದವಾದುದರಿಂದ ಕನ್ನಡದಲ್ಲಿ ಅಚ್ಚಾದ ತೆಲುಗು ಸಾಹಿತ್ಯದ ಅಕ್ಷರಗಳು ಕೆಡುವುದಿಲ್ಲ, ಕೆಡುವುದು ಪದಚ್ಛೇದ. ಕನ್ನಡದ್ದೇ ಒಂದು ಉದಾಹರಣೆಯಿಂದ ಇದನ್ನು ಮನಗಾಣಬಹುದು. ‘ಕಾಣದಾದೆನು’ ಎಂಬ ರೂಪವು ‘ಕಾಣದೆ’ ಮತ್ತು ‘ಆದೆನು’ ಎಂಬೆರಡು ಪದಗಳು ಲೋಪಸಂಧಿಯಾಗಿ ಕೂಡಿದುದು. ಇದನ್ನರಿಯದ ಗಾಯಕನು ತಾಳದ ಅನುಕೂಲಕ್ಕೆಂದು ‘ಕಾಣದಾ’ ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, ‘ದೆನು’ ಎಂದು ಮುಂದುವರಿದರೆ ಕೇಳುವವನಿಗೆ ಏನು ಉಳಿಯಿತು? ತೆಲುಗು ಬಲ್ಲವರು ಕನ್ನಡ ಮತ್ತು ತಮಿಳು ಗಾಯಕರಿಂದ ಇಂತಹ ಅಪಚಾರಗಳನ್ನು ಬಹುಕಾಲದಿಂದ ಸಹಿಸಿಕೊಂಡು ಬಂದಿದ್ದಾರೆ. ತಮಿಳು ನಾಡಿನಲ್ಲಿ ಕೇಳುಗರಿಗೆ ಅರ್ಥವಾಗದ ಹಾಡುಗಳೇ ಕಛೇರಿಯನ್ನು ಆಕ್ರಮಿಸಿವೆಯೆಂಬ ಅಸಮಾಧಾನವು ಬೆಳೆದು 1943ರಲ್ಲಿ ತಮಿಳಿಸೈ ಸಂಘದ ಸ್ಥಾಪನೆಗೆ ಕಾರಣವಾಯಿತು. ತನ್ನ ನುಡಿಯಲ್ಲಿ ಹಾಡಬೇಕೆಂಬ ಆ ಬೇಡಿಕೆ ಸಹಜವಾದುದು. ಆದರೆ ಶಾಲೆಗಳಿಗೆ ಇನ್ನೊಂದು ಮಾರ್ಗವೂ ತೆರೆದಿದೆ: ಪರರ ಹಾಡನ್ನು ಬಿಡುವುದಲ್ಲ, ಪರರ ನುಡಿಯನ್ನು ಕಲಿಯುವುದು.

ಮಾತನ್ನು ಬಿಟ್ಟು ಧಾತು ಮಾತ್ರ ಪ್ರಯಾಣ ಮಾಡಿದರೆ ಏನಾಗುವುದೆಂಬುದಕ್ಕೆ ಜಪಾನು ಒಂದು ಸ್ವಾರಸ್ಯವಾದ ನಿದರ್ಶನ. ಅಲ್ಲಿನ ಶಿಕ್ಷಣಾಧಿಕಾರಿ ಇಸಾವಾ ಶೂಜಿ ಎಂಬವರು ಅಮೆರಿಕದಲ್ಲಿ ಶಿಕ್ಷಕ ತರಬೇತಿ ಪಡೆಯುವಾಗ ಪಾಶ್ಚಾತ್ಯ ಸ್ವರಕ್ರಮವು ಗಂಟಲಿಗೆ ಒಗ್ಗದೆ ಬಹಳ ಶ್ರಮಪಟ್ಟರು. ಅವರಿಗೆ ಪಾಠ ಹೇಳಿದ ಬಾಸ್ಟನ್ನಿನ ಲೂಥರ್ ವೈಟಿಂಗ್ ಮೇಸನ್ ಎಂಬ ಉಪಾಧ್ಯಾಯರನ್ನು 1880ರಲ್ಲಿ ಟೋಕಿಯೊಗೆ ಕರೆಸಿಕೊಂಡು, ಇಬ್ಬರೂ ಕೂಡಿ ಪ್ರಾಥಮಿಕ ಶಾಲೆಗಳಿಗಾಗಿ ಹಾಡಿನ ಪುಸ್ತಕಗಳನ್ನು ಸಿದ್ಧಪಡಿಸಿದರು. ಸ್ಕಾಟ್‌ಲೆಂಡಿನ ಹಳೆಯ ಸ್ನೇಹಗೀತೆಯೊಂದರ ಮಟ್ಟು ಆ ಪುಸ್ತಕದ ಮೂಲಕ ಜಪಾನಿನ ಶಾಲೆಗಳನ್ನು ಹೊಕ್ಕಿತು. ರಾಬರ್ಟ್ ಬರ್ನ್ಸ್ ಕವಿಯ ಹೆಸರಿನೊಡನೆ ಪ್ರಸಿದ್ಧವಾದ ಅದರ ಮೂಲ ಸಾಹಿತ್ಯವು ದಾಟಿ ಬರಲಿಲ್ಲ. ಮಿಂಚುಹುಳುವಿನ ಬೆಳಕಿನಲ್ಲಿ ಓದುವ ವಿದ್ಯಾರ್ಥಿಯ ಕಲ್ಪನೆಯುಳ್ಳ ಬೇರೆಯೇ ಜಪಾನೀ ಸಾಹಿತ್ಯವನ್ನು ಅದಕ್ಕೆ ತೊಡಿಸಲಾಯಿತು. ವಿದ್ಯಾರ್ಥಿಗಳನ್ನು ಬೀಳ್ಕೊಡುವ ಸಮಾರಂಭಗಳಲ್ಲಿ ಅದನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಅದೇ ಮಟ್ಟಿಗೆ ರವೀಂದ್ರನಾಥ ಠಾಕೂರರು ಬಂಗಾಳಿಯಲ್ಲಿ ಪದಗಳನ್ನು ಹೊಸೆದರು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ನೋಟ್ಟುಸ್ವರಗಳನ್ನು ರಚಿಸಿದುದೂ ಇದೇ ಜಾತಿಯ ಕಾರ್ಯ.

ಇವೆಲ್ಲ ಕಲೆಯ ದೃಷ್ಟಿಯಿಂದ ಶ್ಲಾಘ್ಯವಾದ ಸೃಷ್ಟಿಗಳು. ಆದರೆ ಇವುಗಳಿಂದ ಜಪಾನಿನ ಮಗು ಸ್ಕಾಟ್‌ಲೆಂಡಿನ ಮಗುವಿಗೆ ಪರಿಚಿತವಾಯಿತೆಂದು ಹೇಳಲು ಬರುವುದಿಲ್ಲ. ಒಂದೇ ಮಟ್ಟನ್ನು ಹಾಡುವ ಎರಡು ಮಕ್ಕಳು ಒಂದೆಡೆ ಸೇರಿದರೆ ಇಬ್ಬರೂ ಗುನುಗಬಹುದು. ಗುನುಗು ಮುಗಿದ ಕೂಡಲೆ ಇಬ್ಬರೂ ಮೂಕರು.

ಇದಕ್ಕೆ ಪ್ರತಿಯಾಗಿ ನಿಲ್ಲುವವರು ಜಾನ್ ಹಿಗ್ಗಿನ್ಸ್ (1939–1984). ಅಮೆರಿಕದಲ್ಲಿ ಹುಟ್ಟಿ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸಮಾಡಿದ ಇವರು 1960ರ ದಶಕದಲ್ಲಿ ವಿದ್ಯಾರ್ಥಿವೇತನದ ಮೇಲೆ ಮದರಾಸಿಗೆ ಬಂದು, ಟಿ. ವಿಶ್ವನಾಥನ್ ಮೊದಲಾದ ಗುರುಗಳ ಬಳಿ ಕರ್ನಾಟಕ ಸಂಗೀತವನ್ನು ಕಲಿತು, ಭಾಗವತರೆಂದು ಹೆಸರಾದರು. ಬಿಳಿಯರೊಬ್ಬರು ಪಂಚೆಯುಟ್ಟು ಹಾಡುತ್ತಾರೆಂಬ ಕುತೂಹಲದಿಂದ ಬಂದ ಶ್ರೋತೃಗಳು ಕುತೂಹಲವನ್ನು ಮರೆತು ಸಂಗೀತವನ್ನು ಕೇಳಿದುದಕ್ಕೆ ಅವರ ಉಚ್ಚಾರಶುದ್ಧಿಯೇ ಬಹುಮಟ್ಟಿಗೆ ಕಾರಣ. ವ್ಯಾಸರಾಯರ ಯಮುನಾಕಲ್ಯಾಣಿಯ ಕನ್ನಡ ದೇವರನಾಮವನ್ನು ಅವರು ಹಾಡಿದ ಧ್ವನಿಮುದ್ರಿಕೆ ಇಂದಿಗೂ ದೊರೆಯುತ್ತದೆ. ಕನ್ನಡವನ್ನೇ ಆಡಿ ಬೆಳೆದವರು ಕೂಡ ಅದನ್ನು ಕೇಳಿ ತಮ್ಮ ಅಕಾರ-ಆಕಾರಗಳನ್ನು ತಿದ್ದಿಕೊಳ್ಳಬಹುದು. ಅವರು ತಾವು ಕಲಿತುದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಮೃದಂಗ ವಿದ್ವಾಂಸರಾದ ತಿರುಚ್ಚಿ ಶಂಕರನ್ ಅವರೊಡನೆ ಕೂಡಿ 1971ರಲ್ಲಿ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಸಂಗೀತದ ಅಧ್ಯಯನ ವಿಭಾಗವನ್ನು ಆರಂಭಿಸಿದರು. ಒಬ್ಬ ಅನ್ಯದೇಶೀಯನು ಮಾತು-ಧಾತುಗಳೆರಡನ್ನೂ ಗೌರವಿಸಿ ಕಲಿತುದರ ಫಲವಾಗಿ ಎರಡು ದೇಶಗಳ ವಿದ್ಯಾರ್ಥಿಗಳಿಗೆ ದಾರಿಯಾಯಿತು.

ಎಲ್ಲ ಮಕ್ಕಳೂ ಹಿಗ್ಗಿನ್ಸ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಎಲ್ಲ ಮಕ್ಕಳಿಗೂ ಶುದ್ಧವಾದ ಪಾಠ ದೊರೆಯಬೇಕು. ಇಲ್ಲಿ ಮೊದಲು ಎದುರಾಗುವ ತೊಡಕು ಲಿಪಿಯದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಸಂಘಗಳ ಮೂಲಕ ವಾರಾಂತ್ಯದ ಕನ್ನಡ ತರಗತಿಗಳನ್ನು ಶ್ರದ್ಧೆಯಿಂದ ನಡೆಸುತ್ತಿದ್ದಾರೆ. ಅಂತಹ ಶ್ರಮವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಹಬ್ಬ ಹತ್ತಿರ ಬಂದಾಗ, ಸಮಯ ಸಾಲದೆ, ಹಾಡನ್ನು ರೋಮನ್ ಲಿಪಿಯಲ್ಲಿ ಬರೆದು ಮಕ್ಕಳ ಕೈಗೆ ಕೊಡುವ ಪರಿಪಾಠವೂ ಬೆಳೆದಿದೆ. ಆ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ‘ಕಲೆ’ಯೂ ‘ಕಳೆ’ಯೂ ಒಂದೇ, ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ, ‘ಬಳೆ’ಗೂ ‘ಬಾಳೆ’ಗೂ ಭೇದವಿಲ್ಲ. ತನ್ನ ಹಿರಿಯರ ಹಳ್ಳಿಯನ್ನು ಹೊಗಳಿ ಹಾಡುತ್ತಿರುವೆನೆಂದು ನಂಬಿದ ಮಗು ಗೋಡೆಯ ಮೇಲಿನ ಹಲ್ಲಿಯನ್ನು ಹೊಗಳುವಂತಾಗುತ್ತದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಆದುದರಿಂದ ಆ ಲಿಪಿಯ ಸಂಗೀತ ಪುಸ್ತಕಗಳಲ್ಲಿ ಭೇದವನ್ನು ತೋರಿಸಲು ಅಕ್ಷರದ ಪಕ್ಕದಲ್ಲಿ ಅಂಕಿಗಳನ್ನು ಹಾಕುವ ಪದ್ಧತಿಯುಂಟು. ತಮಿಳು ವಿದ್ವಾಂಸರು ಪರಭಾಷೆಯ ಉಚ್ಚಾರಣೆಗಾಗಿ ವಹಿಸಿದ ಇಷ್ಟು ಎಚ್ಚರವನ್ನು ಕನ್ನಡಿಗರು ತಮ್ಮದೇ ಭಾಷೆಗಾಗಿ ವಹಿಸಬಾರದೆ? ಹಾಡನ್ನು ಕಲಿಯುವ ಆಸೆಯೇ ಲಿಪಿಯನ್ನು ಕಲಿಯಲು ಪ್ರೇರಣೆಯಾಗಬೇಕು. ಹಾಡು ಲಿಪಿಯಿಂದ ತಪ್ಪಿಸಿಕೊಳ್ಳುವ ಒಳದಾರಿಯಾಗಬಾರದು.

ಎರಡನೆಯ ತೊಡಕು ಹಾಡುಗಾರಿಕೆಯೊಳಗೇ ಇದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಮಗುವಿಗೆ ಹ್ರಸ್ವ-ದೀರ್ಘಗಳ ಭೇದವನ್ನು ಕಿವಿಯ ಮೂಲಕ ಕಲಿಸಲು ಷಟ್ಪದಿಯ, ರಗಳೆಯ, ತ್ರಿಪದಿಯ ಓದಿಗೆ ಸಮನಾದ ಸಾಧನವಿಲ್ಲ. ಆದರೆ ಸಂಗೀತವು ರಾಗವಿಸ್ತಾರಕ್ಕಾಗಿ ಲಘುವನ್ನೂ ಎಳೆಯುತ್ತದೆ. ಭಾಷೆಯನ್ನು ಬಲ್ಲ ಕೇಳುಗನಿಗೆ ಇದರಿಂದ ತೊಂದರೆಯಿಲ್ಲ. ಬಳೆಯ ಬಕಾರವನ್ನು ಎಷ್ಟು ಎಳೆದರೂ ಅವನು ಅದನ್ನು ಬಾಳೆಯೆಂದು ತಿಳಿಯುವುದಿಲ್ಲ. ಭಾಷೆಯನ್ನು ಹಾಡಿನಿಂದಲೇ ಕಲಿಯುವ ಮಗುವಿಗಾದರೋ ಎಳೆದುದೇ ದೀರ್ಘವಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಆದುದರಿಂದ ಕಲಿಕೆಯ ಕ್ರಮವು ಹೀಗಿರತಕ್ಕದ್ದು: ಮೊದಲು ಪದಗಳನ್ನು ಬಿಡಿಸಿ ಆಡಬೇಕು, ಅನಂತರ ಪಂಕ್ತಿಯನ್ನು ಓದಬೇಕು, ಆಮೇಲೆ ತಾಳಕ್ಕೆ ಹೊಂದಿಸಿ ಉಚ್ಚರಿಸಬೇಕು, ಕಟ್ಟಕಡೆಯಲ್ಲಿ ಹಾಡಬೇಕು. ಈ ನಾಲ್ಕು ಮೆಟ್ಟಿಲುಗಳಲ್ಲಿ ಮೊದಲ ಮೂರನ್ನು ಹಾರಿ ನಾಲ್ಕನೆಯದರ ಮೇಲೆ ನಿಂತ ಮಗುವನ್ನೇ ಬಹುತೇಕ ವೇದಿಕೆಗಳ ಮೇಲೆ ಕಾಣುವುದು.

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಈ ವಿಚಾರದಲ್ಲಿ ವಿಶೇಷವಾದ ಹೊಣೆಯಿದೆ. ಅದಕ್ಕೆ ಕಾರಣ ವಚನ ಸಾಹಿತ್ಯ. ವಚನವೆಂಬ ಹೆಸರೇ ಮಾತು ಎಂಬ ಅರ್ಥವುಳ್ಳದ್ದು. ಅದು ತಾಳದ ಕಟ್ಟಿಗೆ ಒಳಗಾಗದೆ, ಆಡುನುಡಿಯ ನಡಿಗೆಯಿಂದಲೇ ಲಯವನ್ನು ಪಡೆದುಕೊಂಡ ರಚನೆ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ಓಲೆಗರಿಗಳಲ್ಲಿ ಅಡಗಿದ್ದ ಈ ನುಡಿಯನ್ನು ನಾಡಿನ ಕಣ್ಣಿಗೆ ತಂದರೆ, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಗಾಯಕರು ಅದನ್ನು ನಾಡಿನ ಕಿವಿಗೆ ತಲುಪಿಸಿದರು. ಅವರ ಗಾಯನದಲ್ಲಿ ರಾಗವು ಮಾತಿಗೆ ಸೇವಕನಾಗಿ ನಿಂತುದರಿಂದಲೇ ಅದು ನೆಲೆಗೊಂಡಿತು. ಹೊರದೇಶಗಳಲ್ಲಿರುವ ಶರಣ ಬಂಧುಗಳ ಮನೆಗಳಲ್ಲಿ ಇಂದು ಬಸವ ಜಯಂತಿಯಂದು ಮಕ್ಕಳು ವಚನಗಳನ್ನು ಹಾಡುತ್ತಾರೆ. ರಜೆಗೆ ಊರಿಗೆ ಬಂದ ಮೊಮ್ಮಗಳು ವಚನವೊಂದನ್ನು ಶ್ರುತಿಶುದ್ಧವಾಗಿ ಹಾಡಿ ಮುಗಿಸುತ್ತಾಳೆ. ಅಜ್ಜಿ ಕಣ್ಣೊರೆಸಿಕೊಂಡು ‘ಉಂಡಿಯೇನವ್ವಾ?’ ಎಂದು ಕೇಳಿದರೆ ಉತ್ತರ ತೋಚದೆ ತಾಯಿಯ ಮುಖವನ್ನು ನೋಡುತ್ತಾಳೆ. ಬಸವಣ್ಣನವರೂ ಅಕ್ಕಮಹಾದೇವಿಯೂ ಸಾಮಾನ್ಯರಿಗೆ ತಿಳಿಯಲೆಂದು ಆಡುನುಡಿಯಲ್ಲಿ ಹೇಳಿದ ಮಾತು ಮಂತ್ರದಂತೆ ಅರ್ಥರಹಿತವಾಗಿ ಉಳಿಯುವುದು ಆ ಸಾಹಿತ್ಯದ ಉದ್ದೇಶಕ್ಕೇ ವಿರೋಧವಾದುದು. ಆ ಮೊಮ್ಮಗಳದು ತಪ್ಪಲ್ಲ. ಅವಳಿಗೆ ಹಾಡನ್ನು ಕೊಟ್ಟವರು ನುಡಿಯನ್ನು ಕೊಡಲಿಲ್ಲ.

ಅನುವಾದಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಬಲ್ಲವು. ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು 1973ರಲ್ಲಿ ಹೊರಬಂದು ವಚನಗಳನ್ನು ಜಗತ್ತಿನ ಓದುಗರ ಬಳಿಗೆ ಒಯ್ದಿತು. ಬಸವ ಸಮಿತಿಯು ಸಿದ್ಧಪಡಿಸಿದ 23 ಭಾಷೆಗಳ ವಚನ ಸಂಪುಟಗಳು 2017ರಲ್ಲಿ ಲೋಕಾರ್ಪಣೆಗೊಂಡವು. ತನ್ನ ಭಾಷೆಯಲ್ಲಿ ಒಂದು ವಚನವನ್ನು ಓದಿ ಅರ್ಥಮಾಡಿಕೊಂಡ ಮಗು ಅದನ್ನೇ ಕನ್ನಡದಲ್ಲಿ ಕೇಳಿದಾಗ ಪದಪದವೂ ಪರಿಚಿತವಾಗುತ್ತ ಹೋಗುತ್ತದೆ. ಅನುವಾದವು ಹೀಗೆ ಮೂಲಕ್ಕೆ ಕೀಲಿಕೈಯಾಗಬೇಕೇ ಹೊರತು ಮೂಲದ ಬಾಗಿಲಿಗೆ ಬೀಗವಾಗಬಾರದು.

ಇಂತಹ ಯೋಜನೆಗೆ ಕೆಲವು ಆಕ್ಷೇಪಗಳು ಬರುವುದು ಸಹಜ. ಶರಣ ಪರಂಪರೆಯ ಶಾಲೆಯಲ್ಲಿ ದಾಸರ ಗೀತೆಯೇಕೆ, ರಾಮನ ಕೀರ್ತನೆಯೇಕೆ, ಪರದೇಶದ ಚರ್ಚಿನ ಹಾಡೇಕೆ ಎಂಬುದು ಮೊದಲನೆಯದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944) ಹಿಂದುಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪಾರಂಗತರಾಗಿದ್ದರು. ಅವರೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿಮತಗಳನ್ನೆಣಿಸದೆ, ಕಣ್ಣಿಲ್ಲದ ಬಡಮಕ್ಕಳಿಗೆ ಅನ್ನ ಮತ್ತು ವಿದ್ಯೆಯನ್ನು ಕೊಟ್ಟರು. ಪುಟ್ಟರಾಜರು ಕನ್ನಡವಲ್ಲದೆ ಸಂಸ್ಕೃತ, ಹಿಂದಿಗಳಲ್ಲಿಯೂ ಗ್ರಂಥರಚನೆ ಮಾಡಿದರು. ಮಲ್ಲಿಕಾರ್ಜುನ ಮನಸೂರರು (1910–1992) ಅಲ್ಲಾದಿಯಾ ಖಾನರ ಪುತ್ರರಾದ ಮಂಜಿ ಖಾನ್, ಬುರ್ಜಿ ಖಾನರ ಶಿಷ್ಯರಾಗಿ ವ್ರಜಭಾಷೆಯ ಖ್ಯಾಲುಗಳನ್ನು ಹಾಡಿದರು. ಅದರಿಂದ ಅವರ ಶಿವಭಕ್ತಿಗೆ ಕುಂದುಂಟಾಗಲಿಲ್ಲ. ಪರರ ದೇವರನ್ನು ಕುರಿತ ಹಾಡಿನ ಅರ್ಥವನ್ನು ತಿಳಿಯುವುದು ಪರರ ದೀಕ್ಷೆಯನ್ನು ಪಡೆದಂತಲ್ಲ. ಅರ್ಥವನ್ನರಿಯದೆ ಹಾಡುವುದಕ್ಕಿಂತ ಅರಿತು ಹಾಡುವುದು, ಬೇಡವೆನಿಸಿದರೆ ಅರಿತು ಬಿಡುವುದು, ಎರಡೂ ಹೆಚ್ಚು ಪ್ರಾಮಾಣಿಕವಾದ ನಡೆಗಳು.

ಪರೀಕ್ಷೆಯ ಭಾರದಲ್ಲಿ ಸಮಯವೆಲ್ಲಿದೆಯೆಂಬುದು ಎರಡನೆಯ ಆಕ್ಷೇಪ. ವರ್ಷಕ್ಕೆ ಹತ್ತು ಹಾಡುಗಳನ್ನು ಅರೆಬರೆಯಾಗಿ ಕಲಿಸುವ ಬದಲು ಎರಡನ್ನು ಪೂರ್ತಿಯಾಗಿ ಕಲಿಸಿದರೆ ಸಮಯ ಉಳಿಯುತ್ತದೆಯೇ ಹೊರತು ವ್ಯಯವಾಗುವುದಿಲ್ಲ. ಹೊರದೇಶದ ಮಕ್ಕಳೊಡನೆ ಮಾತನಾಡಲು ಇಂಗ್ಲಿಷ್ ಸಾಕಲ್ಲವೆ ಎಂಬುದು ಮೂರನೆಯದು. ವ್ಯವಹಾರಕ್ಕೆ ಸಾಕು. ಆದರೆ ಪರರ ನುಡಿಯನ್ನು ಕಲಿಯಲು ಯತ್ನಿಸಿ, ತೊದಲಿ, ಅವರಿಂದ ತಿದ್ದಿಸಿಕೊಂಡಾಗ ಹುಟ್ಟುವ ಸಲುಗೆಯು ಇಬ್ಬರೂ ಮೂರನೆಯ ಭಾಷೆಯೊಂದರಲ್ಲಿ ಸಲೀಸಾಗಿ ಮಾತನಾಡಿದಾಗ ಹುಟ್ಟುವುದಿಲ್ಲ.

ಇಲ್ಲಿ ಇನ್ನೊಂದು ವಿವೇಕವೂ ಬೇಕು. ಹಂಗೇರಿಯ ಸಂಗೀತಕಾರ ಜೋಲ್ಟಾನ್ ಕೊಡಾಯ್ (1882–1967) ತಮ್ಮ ನಾಡಿನ ಹಳ್ಳಿಗಳನ್ನು ಸುತ್ತಿ ಜನಪದ ಹಾಡುಗಳನ್ನು ಸಂಗ್ರಹಿಸಿದವರು. ಮಗುವಿನ ಸಂಗೀತ ಶಿಕ್ಷಣವು ತಾಯ್ನುಡಿಯ ಜನಪದ ಗೀತೆಗಳಿಂದ ಆರಂಭವಾಗಬೇಕು, ಅನಂತರ ಪರರ ಗೀತೆಗಳಿಗೆ ಹೋಗಬೇಕು ಎಂಬುದು ಅವರ ಸಿದ್ಧಾಂತ. 1950ರಲ್ಲಿ ಅವರ ಹುಟ್ಟೂರಾದ ಕೆಚ್‌ಕೆಮೇಟಿನಲ್ಲಿ ಸಂಗೀತಕ್ಕೆ ಪ್ರಾಧಾನ್ಯವಿತ್ತ ಪ್ರಾಥಮಿಕ ಶಾಲೆ ಆರಂಭವಾಯಿತು; ಆ ಕ್ರಮವು ಅನೇಕ ದೇಶಗಳಿಗೆ ಹಬ್ಬಿತು. ಬೀಸುವ ಕಲ್ಲಿನ ಪದ, ಹಂತಿಯ ಪದ, ಸೋಬಾನೆ, ಜೋಗುಳಗಳನ್ನು ಕೇಳದೆ ಬೆಳೆದ ಕನ್ನಡ ನಾಡಿನ ಮಗು ಹೊರಗಿನ ಮಗುವಿಗೆ ಏನನ್ನು ಕೊಟ್ಟೀತು? ಕೊಡಲು ತನ್ನದೆಂಬುದು ಇರಬೇಕು. ಪಡೆಯಲು ಮನಸ್ಸು ತೆರೆದಿರಬೇಕು. ಕೊಡುವುದಷ್ಟೇ ನಡೆದರೆ ಅದು ಪ್ರಚಾರ. ಪಡೆಯುವುದಷ್ಟೇ ನಡೆದರೆ ಅದು ಪರಾಧೀನತೆ.

ಆದುದರಿಂದ ಶಾಲೆಗಳು ಕೈಗೊಳ್ಳಬಹುದಾದ ಕಾರ್ಯವು ಆಡಂಬರವಿಲ್ಲದುದಾಗಿರಲಿ. ಹೊರದೇಶದ ಒಂದು ಕನ್ನಡ ತರಗತಿ ಅಥವಾ ಒಂದು ಸಂಗೀತ ಶಾಲೆಯೊಡನೆ ಸಂಬಂಧ ಬೆಳೆಸಿ, ವರ್ಷಕ್ಕೆ ಇಲ್ಲಿಂದ ಒಂದು ಹಾಡು ಅಲ್ಲಿಗೆ, ಅಲ್ಲಿಂದ ಒಂದು ಹಾಡು ಇಲ್ಲಿಗೆ ಬರಲಿ. ಪ್ರತಿ ಹಾಡಿನೊಡನೆ ಮೂಲಲಿಪಿಯ ಪಾಠ, ಪದಚ್ಛೇದ, ಪದಪದಕ್ಕೆ ಅರ್ಥ, ಮತ್ತು ಹಾಡದೆ ಕೇವಲ ಓದಿದ ಧ್ವನಿಮುದ್ರಣ ಇರಲಿ. ಅದನ್ನು ಸಂಗೀತದ ಉಪಾಧ್ಯಾಯರೂ ಕನ್ನಡದ ಪಂಡಿತರೂ ಒಂದೇ ಮೇಜಿನ ಬಳಿ ಕುಳಿತು ಸಿದ್ಧಪಡಿಸಲಿ. ಒಬ್ಬರಿಗೆ ಧಾತುವಿನ ಹೊಣೆ, ಇನ್ನೊಬ್ಬರಿಗೆ ಮಾತಿನ ಹೊಣೆ. ವರ್ಷಾಂತ್ಯದ ಪರೀಕ್ಷೆ ವೇದಿಕೆಯ ಮೇಲೆ ನಡೆಯಬೇಕಾಗಿಲ್ಲ. ಹಾಡಿನಲ್ಲಿ ಕಲಿತ ಪದಗಳಿಂದ ಮಗು ತನ್ನದೇ ಆದ ಹೊಸ ವಾಕ್ಯವೊಂದನ್ನು ಕಟ್ಟಬಲ್ಲುದೇ ಎಂಬುದೇ ಪರೀಕ್ಷೆ. ‘ನಿಮ್ಮ ಊರ ಕೆರೆಯಲ್ಲಿ ಈ ವರ್ಷ ನೀರು ಇದೆಯೇ?’ ಎಂದು ಟೊರಾಂಟೊದ ಒಂದು ಮಗು ಕನ್ನಡದಲ್ಲಿ ಬರೆದು ಕಳುಹಿಸಿದರೆ, ಆ ಒಂದು ವಾಕ್ಯವು ನೂರು ಚಪ್ಪಾಳೆಗಳಿಗಿಂತ ಮಿಗಿಲಾದುದು.

ಈ ಕಾರ್ಯಕ್ಕೆ ಬೇಕಾದ ಯಂತ್ರೋಪಕರಣ ಹೆಚ್ಚಿನದಲ್ಲ, ಬೇಕಾದವರು ಉಪಾಧ್ಯಾಯರು. ಶಾಲೆಗಳಲ್ಲಿ ಹಣದ ಅಡಚಣೆ ಬಂದಾಗ ಮೊದಲು ಬರಿದಾಗುವ ಕುರ್ಚಿ ಸಂಗೀತದ ಉಪಾಧ್ಯಾಯರದು. ದಾನಿಗಳ ಔದಾರ್ಯದಿಂದ ಸಭಾಂಗಣಗಳು ಏಳುತ್ತವೆ, ಧ್ವನಿವರ್ಧಕಗಳು ಬರುತ್ತವೆ, ಹೆಸರಿನ ಫಲಕಗಳು ಗೋಡೆಯನ್ನು ಅಲಂಕರಿಸುತ್ತವೆ. ಆ ಸಭಾಂಗಣದಲ್ಲಿ ಹಾಡಿಸುವವರೇ ಇಲ್ಲದಿದ್ದರೆ ಅದು ನೀರಿಲ್ಲದ ಕೆರೆ. ಒಬ್ಬ ಸಂಗೀತದ ಉಪಾಧ್ಯಾಯರ ವೇತನಕ್ಕೆ ಶಾಶ್ವತವಾದ ನಿಧಿಯೊಂದನ್ನು ಕಟ್ಟಿಕೊಡುವ ದಾನಿಯ ಹೆಸರು ಫಲಕದ ಮೇಲಿರದಿದ್ದರೂ ಮಕ್ಕಳ ಕಂಠದಲ್ಲಿ ಉಳಿಯುತ್ತದೆ. ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಣವನ್ನು ಮಾತ್ರವಲ್ಲದೆ ತಮ್ಮ ಮಕ್ಕಳ ವಾರದ ಒಂದು ಗಂಟೆಯನ್ನೂ ಈ ಕಾರ್ಯಕ್ಕೆ ಕೊಡಬೇಕು. ದಾಸೋಹದಲ್ಲಿ ನೀಡುವವನು ತಾನು ನೀಡಿದೆನೆಂಬ ಅಹಂಕಾರವನ್ನು ತೊರೆಯುತ್ತಾನೆ. ಪಂಕ್ತಿಯಲ್ಲಿ ಕುಳಿತವರಲ್ಲಿ ಹತ್ತಿರದವ ದೂರದವನೆಂಬ ಭೇದವಿಲ್ಲ. ಅನ್ನಕ್ಕೆ ಸಲ್ಲುವ ಈ ಧರ್ಮವು ನುಡಿಗೂ ನಾದಕ್ಕೂ ಸಲ್ಲತಕ್ಕದ್ದು. ಶ್ರೀಮಠದ ಕೃಪೆಯಿಂದ, ಉಪಾಧ್ಯಾಯರ ಕಾಯಕನಿಷ್ಠೆಯಿಂದ, ದಾನಿಗಳ ಬೆಂಬಲದಿಂದ ಇಂತಹ ನುಡಿದಾಸೋಹವು ಬರುವ ವರ್ಷದ ಶಾಲಾರಂಭದೊಡನೆಯೇ ಮೊದಲಾಗಲಿ.